ಡಾಟಿಯ ಎಡಗಣ್ಣು

ಹಾವು ತಲೆಯನ್ನು ರಪ್ಪನೆ ಹಿಂದಕ್ಕೆ ಎಳೆದುಕೊಂಡಿತು. ಚಿಮಟದ ತುದಿಯಲ್ಲಿ ಬಂದದ್ದು ಬರೀ ಪೊರೆಯಲ್ಲ ಎಂದು ಓರಿನ್‌ಗೆ ಗೊತ್ತಾದದ್ದು ಆಗಲೇ. ಎಡಗಣ್ಣಿನ ಅಂಚಿನಲ್ಲಿ ಕೆಂಪಗೆ ಒಂದು ಹನಿ ಮೂಡಿತು. ಮೀನಿನ ಬಾಯಿಂದ ಗಾಳ ಬಿಡಿಸುವ ಉದ್ದ ಮೂತಿಯ ಚಿಮಟ ಅದು. ಚಳಿಗಾಲವೆಲ್ಲ ಹೆಪ್ಪುಗಟ್ಟಿದ ಸರೋವರದ ಮೇಲೆ ಕೂತು ಮೀನು ಹಿಡಿಯುವವನು ಅದನ್ನು ಮೇಜಿನ ಮೇಲೆ ಎಸೆದ.

"ಅಯ್ಯೋ, ಏನು ಮಾಡಿಬಿಟ್ಟೆ!" ಎಂದ, ಖಾಲಿ ಅಡುಗೆಮನೆಗೆ.

ಹಾವು ಅವನದಲ್ಲ, ಅಕ್ಕ ಆರ್ಲಿಸಳದು. ಗಂಡ ತೀರಿಹೋದ ಮೇಲೆ ನಾಯಿಯನ್ನೋ ಬೆಕ್ಕನ್ನೋ ಸಾಕುವುದು ಬಿಟ್ಟು ಈ ಹೆಬ್ಬಾವಿನ ಜಾತಿಯದನ್ನು ತಂದು ಡಾಟಿ ಎಂದು ಹೆಸರಿಟ್ಟವಳು ಅವಳು. "ನಿನ್ನ ಹಗ್ಗ ಹೇಗಿದೆ?" ಎಂದು ಓರಿನ್ ಕಂಡಾಗಲೆಲ್ಲ ಕೆಣಕುತ್ತಿದ್ದ. ಕ್ರಿಸ್ಮಸ್ ಕಳೆದ ಮೇಲೆ ಚರ್ಚಿನ ಮೆಟ್ಟಿಲ ಮೇಲಿನ ಮಂಜುಗಡ್ಡೆಗೆ ಜಾರಿ ಅವಳು ಭುಜ ಮುರಿದುಕೊಂಡಳು. ಗಾಜಿನ ಪೆಟ್ಟಿಗೆ ಸಮೇತ ಹಗ್ಗ ಅವನ ಮನೆಗೆ ಬಂತು.

ಆಸ್ಪತ್ರೆಯ ಹಾಸಿಗೆಯಿಂದಲೇ ಆರ್ಲಿಸ್ ಎಲ್ಲ ಹೇಳಿಕೊಟ್ಟಿದ್ದಳು. ಒಳಗಿರುವ ಪಾಚಿಯ ಡಬ್ಬಿ ಸದಾ ಒದ್ದೆಯಾಗಿರಲಿ, ತೇವವಿದ್ದರೇ ಪೊರೆ ಸಲೀಸಾಗಿ ಬಿಡುವುದು. ಕಣ್ಣು ಹಾಲಿನ ಹಾಗಾದರೆ ಮುಟ್ಟಬೇಡ, ಪೊರೆ ಬಿಡುವ ಹೊತ್ತು ಅದು. ಪೊರೆ ಅಂಟಿಕೊಂಡರೆ ಎಳೆಯಬೇಡ, ಬೆಚ್ಚಗಿನ ನೀರಲ್ಲಿ ನೆನೆಸು. ಓರಿನ್ ಹೂಂ ಹೂಂ ಎಂದು ಬಂದವನು ಮೂರನೆಯ ದಿನವೇ, ಮುಗ್ಗಲು ವಾಸನೆ ಎಂದು ಆ ಪಾಚಿಯನ್ನು ಹಿಮದ ರಾಶಿಗೆ ಎಸೆದಿದ್ದ. ಕಟ್ಟಿಗೆ ಒಲೆ ಹಗಲೂ ರಾತ್ರಿ ಉರಿಯುತ್ತಿತ್ತು. ಆ ಒಣಹವೆಗೆ ಡಾಟಿಯ ಪೊರೆ ಈರುಳ್ಳಿ ಸಿಪ್ಪೆಯಂತೆ ಚೂರುಚೂರಾಗಿ ಮೈಗೆ ಅಂಟಿಕೊಂಡಿತು.

ಆಸ್ಪತ್ರೆಯಿಂದ ಬಿಟ್ಟರು, ಇವತ್ತು ಬರುತ್ತೇನೆಂದು ಅಕ್ಕ ಫೋನು ಮಾಡಿದ ಮೇಲೆಯೇ ಅವನಿಗೆ ಗಾಬರಿ ಹತ್ತಿದ್ದು. ನೀರಿನ ತೊಟ್ಟಿಯಲ್ಲಿ ನೆನೆಸಿದಾಗ ಮೈಯ ಪೊರೆ ಬಹುಪಾಲು ಬಂತು, ಎಡಗಣ್ಣನ್ನು ಮುಚ್ಚಿದ್ದ ಪೊರೆ ಬರಲಿಲ್ಲ. ಇನ್ನೊಮ್ಮೆ ನೆನೆಸಬಹುದಿತ್ತು. ಆದರೆ ಅವಳು ಬರುವಷ್ಟರಲ್ಲಿ ಹಾವು ಲಕಲಕ ಹೊಳೆಯಬೇಕು, ತಾನು ಬೈಸಿಕೊಳ್ಳಬಾರದು. ಚಿಮಟ ಕೈಗೆ ಬಂದದ್ದು ಅದಕ್ಕೆ. ಹಾವಿನ ಒಳಿತಿಗಲ್ಲ, ತನ್ನ ಮಾನಕ್ಕೆ.

ಹೊರಗೆ ಕಾರು ನಿಂತ ಸದ್ದಾಯಿತು. ಪಕ್ಕದ ಮನೆಯವರು ಇಳಿಸಿಹೋದ ಆರ್ಲಿಸ್, ಒಂದು ತೋಳನ್ನು ಕೊರಳಿಗೆ ಕಟ್ಟಿಕೊಂಡು, ಬೂಟಿನ ಹಿಮವನ್ನೂ ಕೊಡವದೆ ಒಳಗೆ ಬಂದಳು.

"ಎಲ್ಲೋ ನನ್ನ ಹುಡುಗಿ?"

ಓರಿನ್ ತೊಟ್ಟಿಯ ಕಡೆ ಕೈ ತೋರಿಸಿದ. ಅವಳು ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು.

"ಅಯ್ಯೋ, ಕಣ್ಣು ನೋಡೋ! ನಂದೇ ತಪ್ಪು ಕಣೋ. ನಿಂಗೆ ಹಾವು ಕಂಡ್ರೆ ಆಗಲ್ಲ ಅಂತ ಗೊತ್ತಿದ್ದೂ ತಂದು ನಿನ್ನ ತಲೆಗೆ ಕಟ್ಟಿದೆ. ಪಾಪ, ಇಷ್ಟಾದ್ರೂ ನೋಡ್ಕೊಂಡೆಯಲ್ಲ."

ಆ 'ಪಾಪ' ಅವನಿಗೆ ಚುಚ್ಚಿತು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಅವಳು ಕೋಟಿನ ತೋಳಿಂದ ಕಣ್ಣೊರೆಸಿಕೊಂಡಾಗ ತಡೆಯಲಾಗಲಿಲ್ಲ.

"ನಾನೇ ಎಳೆದೆ ಕಣೇ."

"ಏನನ್ನ?"

"ಕಣ್ಣಿನ ಪೊರೆನ. ಚಿಮಟದಲ್ಲಿ. ಆ ಪಾಚಿನೂ ಎಸೆದುಬಿಟ್ಟಿದ್ದೆ, ವಾಸನೆ ಅಂತ."

"ಗಾಳದ ಚಿಮಟದಲ್ಲಾ?"

"ಹೂಂ."

ಆರ್ಲಿಸ್ ಅವನನ್ನು ನೋಡಿದಳು. "ಕಚ್ಚಲಿಲ್ವಾ ಅದು?"

"ಇಲ್ಲ."

"ಕಚ್ಚಬೇಕಿತ್ತು."

ಪ್ರಾಣಿವೈದ್ಯರಿಗೆ ಫೋನು ಮಾಡಿ, ಅವನ ಕಡೆ ಬೆನ್ನು ಹಾಕಿಕೊಂಡೇ ಮಾತಾಡಿದಳು. ಮಧ್ಯಾಹ್ನ ಬರಹೇಳಿದರು. ಆ ಕಣ್ಣು ಉಳಿಯುವುದು ಅನುಮಾನ ಎಂದರಂತೆ. ಓರಿನ್‌ಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

"ಬಾಲದ ತುದೀಲಿ ಪೊರೆ ಇನ್ನೂ ಬಿಗಿದಿದೆ," ಎಂದಳು ಆರ್ಲಿಸ್. "ಹಾಗೇ ಬಿಟ್ರೆ ರಕ್ತ ಓಡದೆ ಬಾಲಾನೂ ಹೋಗುತ್ತೆ. ನಂಗಿರೋದು ಒಂದೇ ಕೈ. ಟವೆಲ್ ನೆನೆಸ್ಕೊಂಡು ಬಾ."

"ನಾನಾ? ಬೇಡ ಕಣೇ, ನಾನು ಮುಟ್ಟಲ್ಲ."

"ಇನ್ಯಾರು, ನಮ್ಮಪ್ಪ ಬರ್ತಾನಾ? ಹಿಡೀಬೇಡ, ಎಳೀಬೇಡ. ಸುಮ್ನೆ ಸಡಿಲವಾಗಿ ಸುತ್ತಿ ಕೂತ್ಕೋ. ಅದೇ ತೂರ್ಕೊಂಡು ಹೋಗುತ್ತೆ."

ಅವನು ಕೂತ. ಬೆಚ್ಚಗಿನ ಒದ್ದೆ ಬಟ್ಟೆಯೊಳಗೆ ಡಾಟಿ ನಿಧಾನ ತೂರಿತು. ಅದರ ಭಾರವೆಲ್ಲ ಅಂಗೈಯಲ್ಲಿ ಹರಿದುಹೋಗುವುದು ಅವನಿಗೆ ತಿಳಿಯುತ್ತಿತ್ತು. ಕೊನೆಗೆ ಬಾಲ ಜಾರಿತು. ಬೆರಳಿನ ಉಂಗುರದಷ್ಟು ಪೊರೆ ಬಟ್ಟೆಯಲ್ಲೇ ಉಳಿಯಿತು.

ಆರ್ಲಿಸ್ ತನ್ನ ಒಂದೇ ಕೈಯನ್ನು ಮುಂದೆ ಚಾಚಿದಳು. "ಬಾರೇ, ಬಾ ನನ್ನ ಚಿನ್ನ."

ಹಾವು ತಲೆಯೆತ್ತಿತು. ನಾಲಿಗೆ ಆಡಿಸುತ್ತ ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ತಡಕಿತು. ಅವಳ ಬೆರಳುಗಳು ಹೊರಗಿನ ಚಳಿಗೆ ಇನ್ನೂ ತಣ್ಣಗೇ ಇದ್ದವು. ಡಾಟಿ ತಿರುಗಿ ಓರಿನ್‌ನ ಮುಂಗೈಗೆ ಸುತ್ತಿಕೊಂಡು, ಗಾಯದ ಕಣ್ಣಿನ ತಲೆಯನ್ನು ಅವನ ಅಂಗಿಯ ತೋಳಿನೊಳಗೆ ತೂರಿಸಿತು.

"ಅದಕ್ಕೆ ಕಾವು ಬೇಕು, ಅಷ್ಟೇ," ಎನ್ನುತ್ತ ಆರ್ಲಿಸ್ ಕೈ ಹಿಂದಕ್ಕೆ ತೆಗೆದುಕೊಂಡಳು.

ತೋಳು ಜೋಮು ಹಿಡಿಯತೊಡಗಿದರೂ ಓರಿನ್ ಅಲುಗಾಡದೆ ಕೂತಿದ್ದ.