ಹಮ್ದಿ ನಿಂತಿದ್ದ ಜಾಗ

ಟಕ ಟಕ ಟಕ — ಅಡುಗೆಮನೆಯಲ್ಲಿ ಮಾಗ್ದಾ ಮುಲೂಖಿಯಾ ಸೊಪ್ಪು ಕೊಚ್ಚುತ್ತಿದ್ದಾಳೆ, ಎರಡು ಹಿಡಿಯ ಬಾಗಿದ ಕತ್ತಿ ಹಲಗೆಯ ಮೇಲೆ ತೊಟ್ಟಿಲಿನ ಹಾಗೆ ತೂಗುತ್ತಿದೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಸಂತ ಗಿರ್ಗಿಸ್ ಆಣೆ, ಬೇರೆಯವರಿಗೆ ಹೇಳುವಾಗ ಒಂದಿಷ್ಟು ಉಪ್ಪುಖಾರ ಸೇರಿಸುತ್ತೇನೆ, ಇಲ್ಲ ಅನ್ನುವುದಿಲ್ಲ, ಆದರೆ ಈಗ ಕೇಳುವವರು ಯಾರಿದ್ದಾರೆ, ತಲೆಯೊಳಗೆ ನನಗೆ ನಾನೇ ಹೇಳಿಕೊಳ್ಳುತ್ತಿರುವುದು, ನನಗೇ ಸುಳ್ಳು ಹೇಳಿ ನನಗೇನು ಸಿಗಬೇಕು — ಈ ಕಂಪ್ಯೂಟರಿನ ಹೊಟ್ಟೆಯೊಳಗೆ ಪಾರಿವಾಳ ಮೊಟ್ಟೆಯಿಟ್ಟಿದ್ದು ನಿಜ, ಇಷ್ಟು ವರ್ಷ ಬಾಲ್ಕನಿಯಲ್ಲಿ ಬಿದ್ದಿತ್ತಲ್ಲ, ಬೆಳಿಗ್ಗೆ ಕರೆಂಟು ಕೊಟ್ಟ ಮೇಲೆ ಒಳಗಿನ ಬಿಸಿಗೆ ಮರಿ ಹೊರಗೆ ಬಂದದ್ದೂ ನಿಜ, ಎರಡು ಮರಿ, ಸರಿ, ಒಂದು, ಸರಿ, ಮರಿಯಲ್ಲ, ಪುಕ್ಕ, ಆದರೆ ಪುಕ್ಕ ಬೆಚ್ಚಗಿತ್ತು, ಅದಕ್ಕೆ ಮಗಳೇ ಸಾಕ್ಷಿ. ಮೌಸು ಸತ್ತಿದೆ, ಕೀಲಿಮಣೆ ಬದುಕಿದೆ, ಪರದೆಯ ಮೇಲೆ ಕತ್ತೆ ನಿಂತಿದೆ, ನನ್ನ ಮೀಸೆ ಕಪ್ಪಗಿದ್ದಾಗ ನಾನೇ ಬರೆದ ಕತ್ತೆ, ನಮ್ಮ ಆಫೀಸಿನ ಯಜಮಾನರು ಅದನ್ನು ಬಹಳ ಹೊತ್ತು ನೋಡಿ ಇದು ಯಾರ ಹಾಗಿದೆಯಪ್ಪಾ ಅಂದಿದ್ದರು, ಯಾರ ಹಾಗೂ ಇಲ್ಲ ಸಾರ್ ಅಂದಿದ್ದೆ, ಅವರ ಹಾಗೇ ಇತ್ತು — ಮಗಳು ಯುಸ್ತಿನಾ ಒಂದು ಕೀಲಿ ಒತ್ತುತ್ತಾಳೆ, ಕತ್ತೆ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಕಿವಿ ಅಲ್ಲಾಡಿಸುತ್ತದೆ, ಮತ್ತೆ ತೆರೆಯುತ್ತದೆ, ದನಿ ಇಲ್ಲ. ಬಾಬಾ, ಇದೂ ಅಮ್ಮನ ಹಾಗೇ, ಅನ್ನುತ್ತಾಳೆ, ನಗುತ್ತಾಳೆ, ನಕ್ಕ ಮೇಲೆ ಅಡುಗೆಮನೆ ಕಡೆ ಕಳ್ಳನೋಟ ಹಾಕುತ್ತಾಳೆ, ಕತ್ತಿ ತೂಗುತ್ತಲೇ ಇದೆ, ಕೇಳಿಸಿಲ್ಲ, ಅಥವಾ ಕೇಳಿಸಿದೆ, ಈ ಮನೆಯಲ್ಲಿ ಅವಳಿಗೆ ಕೇಳಿಸದೇ ಇರುವುದು ಯಾವುದಿದೆ.

ಕತ್ತೆಯ ಬಾಯಿಂದ ಬರಬೇಕಾದದ್ದು ಮಾಗ್ದಾಳ ದನಿ. ಯುಸ್ತಿನಾ ಹುಟ್ಟುವುದಕ್ಕೆ ಮೊದಲಿನ ವರ್ಷ ಅವಳ ಕುತ್ತಿಗೆಯ ಗಂಟು ತೆಗೆದರು, ಗಂಟಿನ ಜೊತೆ ದನಿಯೂ ಹೋಯಿತು, ಉಳಿದದ್ದು ಉಸಿರು, ಹತ್ತಿರ ಕೂತವರಿಗೆ ಮಾತ್ರ ಕೇಳಿಸುವ ಉಸಿರು, ಮಗಳನ್ನು ತಟ್ಟಿ ಮಲಗಿಸಿದ್ದು ಅದೇ ಉಸಿರು, ದೂರದಿಂದ ಕರೆಯಬೇಕಾದರೆ ಸೌಟಿನಿಂದ ಪಾತ್ರೆಗೆ ಬಡಿಯುತ್ತಾಳೆ, ಒಂದು ಬಡಿತ ಅಂದರೆ ಊಟಕ್ಕೆ ಬಾ, ಎರಡು ಅಂದರೆ ಬಾಗಿಲಲ್ಲಿ ಯಾರೋ ನಿಂತಿದ್ದಾರೆ, ಮೂರು ಅಂದರೆ ಸುಳ್ಳು ಸಾಕು ಮಾಡು, ಆ ಮೂರು ನನಗೊಬ್ಬನಿಗೇ ಮೀಸಲು. ದನಿ ಇಲ್ಲದ ಜಾಗಕ್ಕೆ ನಾನು ಕಥೆ ತುಂಬಿದೆ, ಇನ್ನೇನು ಮಾಡಲಿ, ಮಗು ಕೇಳುತ್ತದೆ, ಅಮ್ಮ ಬೈಯುವಾಗ ಹೇಗೆ ಕೇಳಿಸುತ್ತಿತ್ತು ಬಾಬಾ — ನಿನ್ನ ಅಮ್ಮ ಈ ಬಾಲ್ಕನಿಯಲ್ಲಿ ನಿಂತು ಟೊಮೆಟೊ ಅಂತ ಕೂಗಿದರೆ ನೈಲಿನ ಆಚೆ ಇಂಬಾಬಾದಲ್ಲಿ ಗಾಡಿಯವನು ಕತ್ತೆ ತಿರುಗಿಸಿಕೊಂಡು ಬರುತ್ತಿದ್ದ, ನಮ್ಮ ಬಡಾವಣೆ ಶುಬ್ರಾದ ಟ್ರಾಮು ಅವಳ ಒಂದು ಕೂಗಿಗೆ ನಿಂತು, ನಿಂತದ್ದಲ್ಲದೆ ಹಿಂದಕ್ಕೆ ಬಂದು ಅವಳನ್ನು ಹತ್ತಿಸಿಕೊಂಡಿತ್ತು. ಸಾಕ್ಷಿಗೆ ಅಂತ ಹಾಕಿ ಕೇಳಿಸುವಂಥ ಒಂದು ರೆಕಾರ್ಡಿಂಗೂ ಮನೆಯಲ್ಲಿ ಇಲ್ಲ, ಫೋನಿನಲ್ಲಿ ಎಲ್ಲವನ್ನೂ ಹಿಡಿದಿಡುವ ಕಾಲ ಆಗಿನ್ನೂ ಬಂದಿರಲಿಲ್ಲ, ಮದುವೆಯ ವೀಡಿಯೋದಲ್ಲಿ ಡೋಲು ಬಾರಿಸುವವರು ಬಿಟ್ಟರೆ ಯಾರ ಮಾತೂ ಕೇಳಿಸುವುದಿಲ್ಲ, ಪಾದ್ರಿಗಳ ಪ್ರಾರ್ಥನೆ ಕೂಡ ಡೋಲಿನ ಹಾಗೇ ಕೇಳುತ್ತದೆ. ಮೊನ್ನೆ ಊಟಕ್ಕೆ ಕೂತಾಗ ಯುಸ್ತಿನಾ ಅಂದಳು, ಬಾಬಾ, ಟ್ರಾಮು ಸುಳ್ಳು, ಟೊಮೆಟೊ ಸುಳ್ಳು, ಹಾಗಾದ್ರೆ ಅಮ್ಮನಿಗೆ ದನಿ ಇತ್ತು ಅನ್ನೋದೂ ಸುಳ್ಳೇ ಏನೋ ಅಂತ ಒಂದೊಂದ್ಸಲ ಅನ್ಸತ್ತೆ. ತಮಾಷೆಗೆ ಅಂದದ್ದಲ್ಲ, ರೊಟ್ಟಿ ಮುರಿಯುತ್ತಾ ಸುಮ್ಮನೆ ಅಂದಳು — ಇಷ್ಟು ವರ್ಷ ನಾನು ಊದಿ ಊದಿ ದೊಡ್ಡದು ಮಾಡಿದ್ದಕ್ಕೆ ಒಳಗಿದ್ದ ನಿಜವೂ ಒಡೆದು ಹೋಯಿತಲ್ಲ, ಇನ್ನು ನಾನು ಸತ್ತರೆ ಆ ದನಿ ಇತ್ತು ಅನ್ನಲು ಉಳಿಯುವವರು ಯಾರು, ಮಾಗ್ದಾ ಅಂತೂ ಅನ್ನುವವಳಲ್ಲ. ಅದಕ್ಕೇ ಮಂಚದ ಕೆಳಗಿನ ಪೆಟ್ಟಿಗೆಯೆಲ್ಲ ಎಳೆದು ಅವಳ ಆಗಿನ ದನಿ ಇರುವ ಈ ಹಳೆಯ ಸಿಡಿ ಹುಡುಕಿದ್ದು, ಹುಡುಕುವಾಗ ಮಾಗ್ದಾ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದಳು, ಆ ಹೆಂಗಸನ್ನ ಮನೆಗೆ ಕರೀಬೇಡ ಮಕ್ರಮ್, ಅವಳು ಬಂದ್ರೆ ನಾನ್ಯಾರು?

ನಾನು ಪೆಟ್ಟಿಗೆಯ ದೂಳಿಗೆ ಸೀನು ಬಂದ ಹಾಗೆ ಮಾಡಿದೆ, ನಿಜವಾಗಿಯೂ ಸೀನು ಬಂತು — ಮಕ್ಕಳ ಕಥೆಯ ಸಿಡಿ ಮಾಡುತ್ತಿದ್ದ ದುಕ್ಕಿಯ ಆ ಆಫೀಸಿನಲ್ಲೂ ಹೀಗೇ ಸೀನು, ಮಾಗ್ದಾ ಬೀರಿನೊಳಗೆ ಕೂತು ಕಥೆ ಓದುವಾಗ ನಾನು ಸೀನಿದರೆ ಮೊದಲಿಂದ ಓದಬೇಕು, ಹೌದು, ಬಟ್ಟೆ ಇಡುವ ಬೀರು, ರೆಕಾರ್ಡಿಂಗಿಗೆ ಬೇರೆ ಕೋಣೆ ಎಲ್ಲಿತ್ತು, ಬೀರಿನೊಳಗೆ ಕಂಬಳಿ ಹೊಡೆದು ಮೈಕು ಕಟ್ಟಿದ್ದೆವು, ಆಗಸ್ಟ್ ತಿಂಗಳು, ಅವಳು ಒಳಗೆ ಹೋಗುವಾಗ ಹುಡುಗಿ, ಹೊರಗೆ ಬರುವಾಗ ಹಬೆಯಲ್ಲಿ ಬೇಯಿಸಿದ ಮೀನು, ಆದರೆ ಬೀರಿನ ಬಾಗಿಲ ಸಂದಿಯಿಂದ ಬರುತ್ತಿದ್ದ ಆ ದನಿ, ನಾನು ಹೊರಗೆ ಕೂತು ಕತ್ತೆಯ ಕಿವಿಗೆ ಬಣ್ಣ ಹಚ್ಚುತ್ತಿದ್ದೆ, ಒಂದೇ ಕಿವಿಗೆ ಮೂರು ದಿನ ಹಚ್ಚಿದೆ, ಬೇಗ ಮುಗಿಸುವ ಮನಸ್ಸು ಯಾರಿಗಿತ್ತು. ಪ್ರೋಗ್ರಾಮು ಬರೆಯುವವನು ಹಮ್ದಿ. ಮೊದಮೊದಲು ಅವನೂ ಎಲ್ಲರ ಹಾಗೆ ದನಿಯ ಫೈಲು ಎಲ್ಲಿದೆ ಅನ್ನುವುದಕ್ಕೆ ಪೂರ್ತಿ ವಿಳಾಸ ಬರೆಯುತ್ತಿದ್ದ, ಇಂಥ ಡಿಸ್ಕು, ಇಂಥ ಫೋಲ್ಡರು, ಅದರೊಳಗೆ ಇಂಥದ್ದು, ಆಮೇಲೆ ಯಜಮಾನರು ಬಾಡಿಗೆಗೆ ಜಗಳ ಆಡಿ ಆಫೀಸು ಬದಲಾಯಿಸುವರು, ಹೊಸ ಜಾಗದಲ್ಲಿ ಯಂತ್ರಗಳೆಲ್ಲ ಅದಲುಬದಲು, ಕತ್ತೆ ಮೂಗ, ಹಮ್ದಿ ರಾತ್ರಿಯಿಡೀ ಕೂತು ವಿಳಾಸ ತಿದ್ದುವನು, ತಿದ್ದಿ ಮುಗಿಸುವಷ್ಟರಲ್ಲಿ ಮತ್ತೊಂದು ಜಗಳ. ಒಂದು ದಿನ ಪೆನ್ನು ಮೇಜಿನ ಮೇಲೆ ಎಸೆದು ನನಗೆ ಅಂದ, ಅವನ ಬಾಯಲ್ಲಿ ಎಲ್ಲರೂ ಬಾಷಾ, ಅಂದರೆ ದೊರೆ, ಪೂರ್ತಿ ವಿಳಾಸ ಬರೆಯೋದಕ್ಕೆ ಇದೇನು ಸ್ವಂತ ಮನೆಯಾ ಬಾಷಾ, ಇನ್ಮೇಲೆ ನಿಂತ ಕಡೆಯಿಂದ ದಾರಿ ಹೇಳ್ತೀನಿ. ಎರಡು ಚುಕ್ಕಿ ಇಟ್ಟರೆ ನಿಂತ ಫೋಲ್ಡರಿನಿಂದ ಒಂದು ಮನೆ ಹಿಂದಕ್ಕೆ, ಇನ್ನೆರಡು ಚುಕ್ಕಿ ಇಟ್ಟರೆ ಇನ್ನೊಂದು ಮನೆ, ಆಮೇಲೆ ಇಂಥದರ ಒಳಗೆ ಹೋಗು, ಅಷ್ಟೇ, ಇಡೀ ಸಂಸಾರವನ್ನು ಎತ್ತಿ ಎಲ್ಲಿಟ್ಟರೂ ಒಳಗಿನ ದಾರಿ ಬದಲಾಗುವುದಿಲ್ಲ, ಯಜಮಾನರು ಎಷ್ಟು ಬೇಕಾದರೂ ಜಗಳ ಆಡಿಕೊಳ್ಳಲಿ. ಚೆನ್ನಾಗಿತ್ತು, ನಿಜವಾಗಿ ಚೆನ್ನಾಗಿತ್ತು, ಆದರೆ ಹಮ್ದಿ ಬೀದಿಯಲ್ಲೂ ಹಾಗೇ ದಾರಿ ಹೇಳುವವನು, ತನ್ನ ಮಗುವಿನ ಏಳನೆಯ ದಿನದ ಊಟಕ್ಕೆ ಕರೆದ, ಸಿನಿಮಾ ಇದ್ದ ಜಾಗದಿಂದ ಎಡಕ್ಕೆ ಬಾ, ಇಸ್ತ್ರಿ ಅಂಗಡಿ ದಾಟಿ ಮೂರನೇ ಬಾಗಿಲು, ಎಡಕ್ಕೆ ಅಂದರೆ ಯಾರ ಎಡ, ಅವನು ಕ್ಷೌರದಂಗಡಿಯಲ್ಲಿ ಕೂತು ಕನ್ನಡಿ ನೋಡಿಕೊಂಡು ಹೇಳಿದ ಎಡ, ನಾನು ಹೋಗಿ ಹೊಕ್ಕ ಮನೆಯಲ್ಲಿ ನಿಶ್ಚಿತಾರ್ಥ ನಡೆಯುತ್ತಿತ್ತು, ಹುಡುಗನ ಕಡೆಯವನು ಅಂತ ಹುಡುಗಿಯ ಕಡೆಯವರು ಉಪಚಾರ ಮಾಡಿದರು, ಹುಡುಗಿಯ ಕಡೆಯವನು ಅಂತ ಹುಡುಗನ ಕಡೆಯವರು ಇನ್ನೊಂದು ತಟ್ಟೆ ಕೊಟ್ಟರು, ಕೊನೆಗೆ ಉಂಗುರದ ತಟ್ಟೆ ಹಿಡಿದವನೂ ನಾನೇ, ಆ ದಂಪತಿ ಈಗಲೂ ಹಬ್ಬಕ್ಕೆ ನನಗೆ ಫೋನು ಮಾಡುತ್ತಾರೆ, ಸರಿ, ಮೊದಲ ವರ್ಷ ಮಾಡಿದ್ದರು.

ಆಫೀಸು ಕೊನೆಗೂ ಮುಚ್ಚಿದ ದಿನ, ಕಥೆಯ ಸಿಡಿ ಒಂದು ಅಂಗಡಿಗೂ ಹೋಗದೆ ಹಾಗೇ ನಿಂತ ದಿನ, ಯಂತ್ರದಲ್ಲಿದ್ದದ್ದನ್ನೆಲ್ಲ ನೆನಪಿಗಿರಲಿ ಅಂತ ಒಂದು ಸಿಡಿಗೆ ತುಂಬಿದವಳು ಮಾಗ್ದಾ, ಫೋಲ್ಡರು ಗೀಲ್ಡರು ನೋಡದೆ, ಮನೆ ಬದಲಾಯಿಸುವಾಗ ಚಮಚ ತಟ್ಟೆ ಚಪ್ಪಲಿ ಒಂದೇ ಮೂಟೆಗೆ ಹಾಕುವ ಹಾಗೆ, ಪ್ರೋಗ್ರಾಮು, ದನಿ, ನನ್ನ ಹಾಳಾದ ಕಿವಿಗಳು, ಎಲ್ಲ ಒಂದೇ ರಾಶಿ. ದನಿಯ ಫೈಲನ್ನು ನೇರವಾಗಿ ಕೇಳೋಣ ಅಂದರೆ ಹಮ್ದಿ ಜಾಗ ಉಳಿಸಲಿಕ್ಕೆ ಅವನ್ನೆಲ್ಲ ತನ್ನದೇ ರೀತಿಯಲ್ಲಿ ಹಿಂಡಿ ಕಟ್ಟಿಟ್ಟಿದ್ದಾನೆ, ಅವನ ಪ್ರೋಗ್ರಾಮಿಗಲ್ಲದೆ ಇನ್ನು ಯಾವುದಕ್ಕೂ ಬಿಚ್ಚಲು ಬರುವುದಿಲ್ಲ, ಯುಸ್ತಿನಾ ತನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಹಾಕಿದಾಗ ಬಾಣಲೆಯಲ್ಲಿ ಮರಳು ಹುರಿದ ಸದ್ದು ಬಂತು. ಕಾಲೇಜಿನಲ್ಲಿ ಕಂಪ್ಯೂಟರೇ ಓದುವವಳು, ಅವಳೇ ಕೈಚೆಲ್ಲಿದಳು, ಹಾಗಾಗಿ ಸ್ವಲ್ಪ ಮುಂಚೆ ಹಮ್ದಿಗೆ ಫೋನು ಮಾಡಿದೆ, ಈಗ ತಾಂತಾದಲ್ಲಿ ಏಸಿ ಮಾರುತ್ತಾನೆ. ಲೋ ಬಾಷಾ, ಇನ್ನೂ ಇದೀಯಾ ಅಂದ, ಮಾಗ್ದಾ ಬೀರಿನಿಂದ ಹೊರಗೆ ಬಂದ್ಲಾ ಅಂದ, ಅವನಿಗೆ ಆಪರೇಷನ್ನಿನ ವಿಷಯ ಗೊತ್ತಿಲ್ಲ, ಬಂದ್ಲು ಅಂದೆ, ವಿಷಯ ಹೇಳಿದೆ. ಪೂರಾ ನೆನಪಿದೆ ಅಂದ, ಬೀರು ಅಂತ ಒಂದು ಫೋಲ್ಡರು ಮಾಡಿ ದನಿಯೆಲ್ಲ ಅದರಲ್ಲಿ ಹಾಕು, ಮೂರು ಮನೆ ಹಿಂದಕ್ಕೆ ಹೋಗಿ ಬೀರು ತೆಗಿ ಅಂತ ಬರೆದಿದ್ದೆ. ಎಲ್ಲಿಂದ ಮೂರು ಮನೆ? ನಿಂತ ಕಡೆಯಿಂದ. ಯಾರು ನಿಂತ ಕಡೆಯಿಂದ? ನಾನು. ನೀನೆಲ್ಲಿ ನಿಂತಿದ್ದೆ ಹಮ್ದಿ? ಅದನ್ನ ಯಾಕೆ ನೆನಪಿಟ್ಕೊಳ್ಲಿ ಮಾರಾಯ, ನಾನು ಅಲ್ಲೇ ಇದ್ನಲ್ಲ, ಅಂದ, ಅಷ್ಟರಲ್ಲಿ ಯಾರೋ ಗಿರಾಕಿ ಬಂದರು, ಫೋನು ಇಟ್ಟ. ಯುಸ್ತಿನಾ ಅಂದಾಜಿನ ಮೇಲೆ ಕಟ್ಟಿದಳು, ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಇನ್ನೊಂದು, ಎಲ್ಲಕ್ಕಿಂತ ಒಳಗಿನದಕ್ಕೆ ಕತ್ತೆ ಅಂತ ಹೆಸರಿಟ್ಟು ಪ್ರೋಗ್ರಾಮನ್ನು ಅಲ್ಲಿ ಕೂರಿಸಿದಳು, ಮೂರು ಮನೆ ಹಿಂದೆ ಬೀರು, ಎಲ್ಲ ಹಮ್ದಿ ಹೇಳಿದ ಹಾಗೇ, ಆಮೇಲೆ ಕಪ್ಪು ಪರದೆಯಲ್ಲಿ ಪ್ರೋಗ್ರಾಮಿನ ಪೂರ್ತಿ ವಿಳಾಸ ಟೈಪು ಮಾಡಿ ಕರೆಯುತ್ತಾಳೆ, ಕತ್ತೆ ಬರುತ್ತದೆ, ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಇನ್ನೊಂದು ಮನೆ ಸೇರಿಸುತ್ತಾಳೆ, ಒಂದು ತೆಗೆಯುತ್ತಾಳೆ, ಮತ್ತೆ ಮೊದಲಿನ ಹಾಗೇ ಇಡುತ್ತಾಳೆ, ತೆರೆಯುತ್ತದೆ, ಮುಚ್ಚುತ್ತದೆ. ಬಿಡು ಬಾಬಾ, ಅನ್ನುತ್ತಾಳೆ, ಇರಲಿ, ನಾನು ನಂಬ್ತೀನಿ — ಆ ನಂಬ್ತೀನಿ ಇದೆಯಲ್ಲ, ಕಾಯಿಲೆಯವರಿಗೆ ಚೆನ್ನಾಗಿ ಕಾಣ್ತೀಯ ಅನ್ನುವ ದನಿಯಲ್ಲಿ ಅಂದಳು, ಅದಕ್ಕಿಂತ ಸುಳ್ಳುಗಾರ ಅಂತಲೇ ಕರೆಯಬಹುದಿತ್ತು.

ಟಕ ಟಕ ನಿಂತಿದೆ. ಯಾವಾಗ ನಿಂತಿತು, ಗಮನಿಸಲಿಲ್ಲ, ಒಲೆಯ ಮೇಲೆ ಮೊಲದ ಸಾರು ಕುದಿಯುತ್ತಿರುವ ಸದ್ದು, ಮಾಗ್ದಾ ಬಾಗಿಲಲ್ಲಿ ನಿಂತಿದ್ದಾಳೆ, ಎಷ್ಟು ಹೊತ್ತಿನಿಂದಲೋ, ಚೌಕಟ್ಟಿಗೆ ಕೈಯೂರಿ ಪರದೆ ನೋಡುತ್ತಿದ್ದಾಳೆ, ಇಬ್ಬರು ಗಂಡಸರು ಬಲ್ಬು ಹಾಕಲು ಒದ್ದಾಡುವಾಗ ನೋಡುವ ಆ ನೋಟ, ಈಗ ಬೈಯುತ್ತಾಳೆ ಅಂದುಕೊಂಡೆ, ಪಾತ್ರೆಯೂ ಕೈಯಲ್ಲಿಲ್ಲ, ಬಂದು ನಮ್ಮಿಬ್ಬರ ನಡುವೆ ಬಗ್ಗಿದಳು, ಬೆಳ್ಳುಳ್ಳಿ ವಾಸನೆ, ಮಗಳ ಕಿವಿಯಲ್ಲಿ ಉಸಿರಿದಳು, ನೀನು ಹೊರಬಾಗಿಲಲ್ಲಿ ನಿಂತು ಒಳಗಿನವರನ್ನ ಕೂಗ್ತಾ ಇದೀಯ. ಹಮ್ದಿ ಹಾಗೆ ಕೂಗ್ತಿರಲಿಲ್ಲ. ನಿಮ್ಮಪ್ಪ ಬರೆದ ಕತ್ತೆ ಇತ್ತಲ್ಲ, ಆ ಫೋಲ್ಡರಿಗೇ ಹೋಗಿ ಕೂತು ಅಲ್ಲಿಂದ ಕರೀತಿದ್ದ. ಯುಸ್ತಿನಾ ಅವಳ ಮುಖ ನೋಡಿದಳು, ಆಮೇಲೆ ಹಣೆ ಹಣೆ ಚಚ್ಚಿಕೊಂಡಳು, ಅಯ್ಯೋ ಬಾಬಾ, ನಾನು ಎಷ್ಟು ಒಳಗೆ ಇಟ್ರೂ ನಿಂತಿದ್ದು ಬೀದೀಲೇ, ಬೀದಿಯಿಂದ ಮೂರು ಮನೆ ಹಿಂದಕ್ಕೆ ಅಂದ್ರೆ ಎಲ್ಲಿಗೆ ಹೋಗತ್ತೆ ಅದು — ಒಂದೊಂದೇ ಫೋಲ್ಡರು ಇಳಿದು ಇಳಿದು ಕತ್ತೆಯೊಳಗೆ ಹೋಗಿ ನಿಂತಳು, ವಿಳಾಸವಿಲ್ಲದೆ, ಬರೀ ಹೆಸರು ಹಿಡಿದು ಕರೆದಳು. ಆ ಹೆಂಗಸನ್ನು ಕರೆಯಬೇಡ ಅಂದವಳೇ ದಾರಿ ತೋರಿಸಿದ್ದಾಳೆ, ಯಾಕೆ ಅಂತ ಕೇಳಲು ಇದು ಹೊತ್ತಲ್ಲ, ಕತ್ತೆ ಬಾಯಿ ತೆರೆಯುತ್ತದೆ, ನಮ್ಮ ಕಥೆಗಳೆಲ್ಲ ಶುರುವಾಗುವ ಹಾಗೆ, ಇತ್ತೋ ಇರಲಿಲ್ಲವೋ, ಶುಬ್ರಾದಲ್ಲಿ ಒಂದು ಕತ್ತೆ ಇತ್ತು, ಅನ್ನುತ್ತದೆ, ಮಾಗ್ದಾ ಅನ್ನುತ್ತಾಳೆ, ಬೀರಿನೊಳಗಿನ ಮಾಗ್ದಾ, ಟ್ರಾಮು ನಿಲ್ಲಿಸುವ ದನಿಯಲ್ಲ ಇದು, ನದಿ ದಾಟುವುದಂತೂ ದೂರ, ಸಣ್ಣ ದನಿ, ಮೂಗಿನಲ್ಲಿ ಒಂದು ಚೂರು ನೆಗಡಿ, ಕತ್ತೆ ಅನ್ನುವಾಗ ನಗು ತಡೆದುಕೊಂಡದ್ದು ಗೊತ್ತಾಗುತ್ತದೆ, ಹೊರಗೆ ಕೂತ ನನ್ನನ್ನು ಬಾಗಿಲ ಸಂದಿಯಿಂದ ನೋಡುತ್ತಾ ತಡೆದುಕೊಂಡ ನಗು, ಇದು ನನಗೇ ಮರೆತಿತ್ತು, ಇಷ್ಟೆಲ್ಲ ಹೇಳುವ ನನಗೇ — ಯುಸ್ತಿನಾ ಎರಡೂ ಕೈ ಮೊಣಕಾಲಿನ ಮಧ್ಯೆ ಇಟ್ಟುಕೊಂಡು ಕೂತಿದ್ದಾಳೆ, ಚಿಕ್ಕವಳಿದ್ದಾಗ ಕೂರುತ್ತಿದ್ದ ಹಾಗೆ, ಪರದೆಯಿಂದ ಕಣ್ಣು ತೆಗೆಯದೆ, ಬಾಬಾ, ಅಂದಳು, ಇದೊಂದನ್ನ ನೀನು ಕಮ್ಮಿ ಮಾಡಿ ಹೇಳಿದೀಯ.

ನಾನು ಮಾಗ್ದಾಳ ಕಡೆ ತಿರುಗಿದೆ, ಕೇಳಿದೆಯಾ ಅನ್ನಲಿಕ್ಕೆ, ಅವಳು ಅಷ್ಟರಲ್ಲಾಗಲೇ ಬಾಗಿಲ ತನಕ ಹೋಗಿದ್ದಾಳೆ, ಚೌಕಟ್ಟನ್ನು ಒಮ್ಮೆ ಹಿಡಿದಳು, ಬಿಟ್ಟಳು, ಒಳಗೆ ಹೋದಳು, ಕತ್ತೆಗೆ ಎಷ್ಟು ಸೊಕ್ಕು ಅಂದರೆ ಅನ್ನುವಲ್ಲಿ ಹೋದಳು, ತನ್ನದೇ ಮಾತು ಮುಗಿಯುವುದಕ್ಕೂ ನಿಲ್ಲದೆ, ಬೆಳ್ಳುಳ್ಳಿ ಸೀಯುತ್ತದೆ ಅಂತ ಹೋದದ್ದು, ಬೇರೇನಿಲ್ಲ, ಆಣೆಗೂ. ಚುಂಯ್ — ಬೆಳ್ಳುಳ್ಳಿ ಕೊತ್ತಂಬರಿ ಬೀಜದ ಒಗ್ಗರಣೆ ಸೊಪ್ಪಿನ ಸಾರಿಗೆ ಬಿತ್ತು, ಈಗ ಅವಳು ಹಾ ಅಂತ ಒಂದು ಸಲ ಜೋರಾಗಿ ಉಸಿರೆಳೆದುಕೊಳ್ಳಬೇಕು, ಒಗ್ಗರಣೆ ಬೀಳುವಾಗ ಹೆಂಗಸು ಹಾಗೆ ಉಸಿರೆಳೆಯದಿದ್ದರೆ ಮುಲೂಖಿಯಾಕ್ಕೆ ರುಚಿ ಬರುವುದಿಲ್ಲ ಅಂತ ಅವಳ ಅಮ್ಮ, ಅವಳ ಅಜ್ಜಿ, ಈ ಕಟ್ಟಡದ ಎಲ್ಲ ಮಹಡಿಯ ಹೆಂಗಸರು ಹೇಳುವುದು, ಅದಕ್ಕೆ ದನಿ ಬೇಕಾಗಿಲ್ಲ, ಉಸಿರು ಸಾಕು, ಆಪರೇಷನ್ನಾದ ಮೇಲೂ ಒಂದು ಸಲವೂ ತಪ್ಪಿಸಿದವಳಲ್ಲ, ಗೋಡೆಯಾಚೆ ಪಕ್ಕದ ಮನೆಯವರಿಗೂ ಕೇಳಿಸುವಂತೆ ಎಳೆಯುತ್ತಾಳೆ, ಕಾಯುತ್ತಿದ್ದೇನೆ, ಕತ್ತೆ ಸೇತುವೆಯ ಮಧ್ಯದಲ್ಲಿ ನಿಂತುಬಿಟ್ಟಿತು ಅನ್ನುತ್ತಿದೆ ಬೀರಿನೊಳಗಿನ ದನಿ, ಯಾರು ಎಳೆದರೂ ಬರಲಿಲ್ಲ ಅನ್ನುತ್ತಿದೆ, ಅಡುಗೆಮನೆಯಿಂದ ಉಸಿರು ಬರಲಿಲ್ಲ, ಇನ್ನೂ ಬರಲಿಲ್ಲ, ಬಾಗಿಲ ಬಿಳಿ ಚೌಕಟ್ಟಿನ ಮೇಲೆ ನಾಲ್ಕು ಹಸಿರು ಬೆರಳಿನ ಗುರುತು, ಸೊಪ್ಪಿನ ಲೋಳೆ ಇನ್ನೂ ಆರಿಲ್ಲ, ನಾಲ್ಕು ಬೆರಳು, ಸುಮ್ಮನೆ ತಾಗಿದ್ದಲ್ಲ, ಒತ್ತಿ ಹಿಡಿದದ್ದು, ಒಂದರಿಂದ ಹಸಿರು ಮೆಲ್ಲಗೆ ಕೆಳಗೆ ಇಳಿಯುತ್ತಿದೆ, ನಾಲ್ಕು ಹಸಿರು ಬೆರಳು