ಕೊಂಡೆಯಲ್ಲಿ ಸಿಕ್ಕಿಸಿದ ಚಿಮಟ

ಊಟಿಯಲ್ಲಿ ಸೂರ್ಯ ಕೂಡ ರಂಗಿಯನ್ನು ಕೇಳಿಯೇ ಮೂಡುತ್ತಿದ್ದ. ಅವಳು ಬಿಚ್ಚಿ ಜೋಡಿಸಿದ ಕೈಗಡಿಯಾರ ನೋಡಿಕೊಂಡೇ ರೈಲು ಲವ್‌ಡೇಲ್ ಬಿಡುತ್ತಿತ್ತು, ಹುಂಜ ಕೂಗುತ್ತಿತ್ತು, ನಂಜನಾಡಿನ ಕ್ಯಾರೆಟ್ ಹೊತ್ತಿಗೆ ಸರಿಯಾಗಿ ದಪ್ಪವಾಗುತ್ತಿತ್ತು. ಸರಿ, ಸರಿ, ಇದರಲ್ಲಿ ಅರ್ಧ ಸುಳ್ಳು. ಊಟಿಯಲ್ಲಿ ಸೂರ್ಯ ನೆಟ್ಟಗೆ ಮೂಡಿದ್ದನ್ನು ಕಂಡವರಾದರೂ ಯಾರು? ಉಳಿದರ್ಧ ಮಾತ್ರ ನಿಜ. ಕೀಲಿ ಕೊಡುವ ಹಳೇ ಗಡಿಯಾರದ ಹೊಟ್ಟೆಯೊಳಗೆ ಕೈಯಾಡಿಸಬಲ್ಲವರು ಆ ಬೆಟ್ಟದ ಮೇಲೆ ಇಬ್ಬರೇ ಇದ್ದರು. ಒಬ್ಬಳು ರಂಗಿ. ಇನ್ನೊಬ್ಬ ಅವಳ ಸತ್ತ ಗಂಡ ಮಾದನ ತಮ್ಮ, ಸತೀಶ್‌ಕುಮಾರ್.

ಇಬ್ಬರಿಗೂ ಕೆಲಸ ಕಲಿಸಿದವನು ಮಾದನೇ. ಅವನು ಕಣ್ಣು ಮುಚ್ಚಿದ ಮೇಲೆ ಮಾರ್ಕೆಟ್ಟಿನ ಹಿಂದಿನ ಆ ಅಂಗಡಿಗೆ ನಡುವೆ ಹಲಗೆ ಬಂತು. ಅಂಗಡಿಗೆ ಇದ್ದದ್ದು ಒಂದೇ ಕಿಟಕಿ. ಹಲಗೆ ಆ ಕಿಟಕಿಯನ್ನೂ ಸೀಳಿತು. ಅರ್ಧ ಬೆಳಕು ಅವಳಿಗೆ, ಅರ್ಧ ಬೆಳಕು ಅವನಿಗೆ, ಬೈಗುಳ ಮಾತ್ರ ಇಬ್ಬರಿಗೂ ಪೂರ್ತಿ.

"ಸೆಲ್ ಹಾಕೋದಕ್ಕೆ ಕಿಟಕಿ ಯಾಕತ್ತಿಗೆ? ಟಾರ್ಚ್ ಸಾಕಲ್ಲ," ಎಂದು ಹಲಗೆಯ ಆಚೆಯಿಂದ ಅವನು.

"ನಿನ್ನಣ್ಣ ಚಿಮಟ ಹಿಡಿಯೋದು ಕಲಿಸ್ವಾಗ ಅದ್ರಲ್ಲಿ ಮೂಗಿನ ಕೂದ್ಲು ಕಿತ್ತೋನು ನೀನು. ಮುಚ್ಕೊಂಡು ಕೂತ್ಕೋ," ಎಂದು ಈಚೆಯಿಂದ ಇವಳು.

ಹೀಗಿರುವಾಗ ಅಂಗಡಿಯ ಓನರ್ ಮುರಳೀಧರನ್ ಒಂದು ದಿನ ಎರಡು ಕೈಗಡಿಯಾರ ಹಿಡಿದುಕೊಂಡು ಬಂದ. ಅವನ ಅಪ್ಪ, ಚಿಕ್ಕಪ್ಪ ಒಂದೇ ದಿನ ಕೊಂಡ, ಒಂದೇ ಜಾತಿಯ ಗಡಿಯಾರಗಳು. ಎರಡೂ ನಿಂತು ಹೋಗಿದ್ದವು. ಅಪ್ಪನದನ್ನು ರಂಗಿಯ ಮುಂದಿಟ್ಟ, ಚಿಕ್ಕಪ್ಪನದನ್ನು ಸತೀಶನ ಮುಂದೆ.

"ಅರ್ಧ ಅಂಗಡಿ ಚಾಕೊಲೇಟ್ ಮಾರೋರಿಗೆ ಕೊಡ್ತಿದೀನಿ. ಕಿಟಕಿ ಒಬ್ಬರಿಗೇ. ಯಾರು ರಿಪೇರಿ ಮಾಡಿದ್ದು ವಾರ ಪೂರ್ತಿ ಸರಿಯಾಗಿ ಓಡುತ್ತೋ ಅವ್ರು ಇರಲಿ. ಇನ್ನೊಬ್ರು ಗಂಟು ಕಟ್ಲಿ."

ಮಂಜಿನ ಊರು. ಕಿಟಕಿಯ ಬೆಳಕಿಲ್ಲದೆ ಕೂದಲೆಳೆಗಿಂತ ಸಣ್ಣ ಸ್ಪ್ರಿಂಗನ್ನು ಕಾಣುವುದು ಹೇಗೆ? ಆ ಕೆಲಸ ಬಿಟ್ಟರೆ ರಂಗಿಗೆ ಉಳಿಯುವುದು ಬೇರೆಯವರ ತೋಟದಲ್ಲಿ ಎಲೆ ಕೀಳುವುದು. ಅದೂ ಈ ಮೈದುನನ ಕಣ್ಣೆದುರಿಗೆ.

ಆ ಸಂಜೆಯೇ ಅವಳು ಪಕ್ಕದ ರೇಡಿಯೋ ರಿಪೇರಿ ಅಂಗಡಿಯ ಕಸದಿಂದ ಒಡೆದ ಸ್ಪೀಕರಿನ ಅಯಸ್ಕಾಂತ ಎತ್ತಿಕೊಂಡು ಬಂದಳು. ಎಮ್ಮೆಯ ಗೊರಸಿನಷ್ಟು ದಪ್ಪ. ಅದನ್ನು ಹಿಡಿದು ನಡೆದರೆ ಬೀದಿಯ ಬಸ್ಸುಗಳು ಇವಳ ಕಡೆ ವಾಲುತ್ತಿದ್ದವು. ಸತೀಶ ಟೀ ಕುಡಿಯಲು ಹೋದಾಗ ಬಗ್ಗಿ, ಹಲಗೆಯ ಸಂದಿಗೆ ತಲೆ ತೂರಿಸಿ, ಅವನ ಸಾಮಾನು ನೇತು ಹಾಕುವ ಜಾಗದ ಹಿಂದೆಯೇ ಅದನ್ನು ಒತ್ತಿ ಇಟ್ಟಳು. ಅಯಸ್ಕಾಂತದ ಸೋಂಕು ಹತ್ತಿದ ಸಾಮಾನು ತಾಗಿದರೆ ಗಡಿಯಾರದ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟುತ್ತವೆ. ಆಮೇಲೆ ಮುಳ್ಳುಗಳು ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತವೆ.

ವಾರ ಕಳೆದು ಮುರಳೀಧರನ್ ಬಂದ. ಎರಡೂ ಗಡಿಯಾರವನ್ನು ಮೊಬೈಲಿನ ಪಕ್ಕ ಹಿಡಿದ. ಸತೀಶನದು ಕೂದಲಷ್ಟೂ ಆಚೀಚೆ ಇಲ್ಲ. ರಂಗಿಯದು ಅರ್ಧ ಗಂಟೆ ಮುಂದೆ.

"ಚಳಿ," ಎಂದಳು ರಂಗಿ. "ಈ ಚಳೀಗೆ ಎಣ್ಣೆ ಗಟ್ಟಿಯಾಗುತ್ತೆ."

"ಎಣ್ಣೆ ಗಟ್ಟಿಯಾದ್ರೆ ಗಡಿಯಾರ ಕುಂಟುತ್ತೆ ಅತ್ತಿಗೆ, ಓಡಲ್ಲ. ಅಣ್ಣ ಇದನ್ನೂ ಕಲಿಸ್ಲಿಲ್ವಾ?" ಎನ್ನುತ್ತಾ ಸತೀಶ ಜೇಬಿನಿಂದ ಪುಟ್ಟ ದಿಕ್ಸೂಚಿ ತೆಗೆದು ಅಂಗೈಯಲ್ಲಿಟ್ಟುಕೊಂಡ. ಅಯಸ್ಕಾಂತದ ಸೋಂಕು ಹುಡುಕಲು ಈ ಕೆಲಸದವರು ಇಟ್ಟುಕೊಳ್ಳುವಂಥದ್ದು. ಅಂಗೈಯನ್ನು ರಂಗಿಯ ತಲೆಯ ಹತ್ತಿರ ತಂದ. ಮುಳ್ಳು ಗಿರ್ರನೆ ತಿರುಗಿ ಅವಳ ತುರುಬಿನ ಕೊಂಡೆಯನ್ನೇ ನೋಡುತ್ತಾ ನಿಂತಿತು.

ರಂಗಿಯ ಕೈ ತಾನಾಗಿ ಮೇಲೆ ಹೋಯಿತು. ಕೊಂಡೆಯಲ್ಲಿ ಚಿಮಟ! ಎರಡು ಕೈಯೂ ಬೇಕಾದಾಗ ಅದನ್ನು ಅಲ್ಲಿ ಸಿಕ್ಕಿಸಿಕೊಳ್ಳುವುದು ಅವಳ ಹಳೆಯ ಚಾಳಿ. ಹಲಗೆಯ ಸಂದಿಗೆ ತಲೆ ತೂರಿಸಿದಾಗ ಚಿಮಟವೂ ಜೊತೆಗೆ ಅಯಸ್ಕಾಂತದ ಪಕ್ಕಕ್ಕೆ ಹೋಗಿತ್ತು. ಅದೇ ಚಿಮಟದಲ್ಲಿ ಅವಳು ಮುರಳೀಧರನ ಅಪ್ಪನ ಗಡಿಯಾರಕ್ಕೆ ಸ್ಪ್ರಿಂಗ್ ಕೂರಿಸಿದ್ದಳು.

"ಹಲಗೆ ಹಿಂದೆ ನೋಡಿ ಓನರೇ, ಅತ್ತಿಗೆ ನನಗಿಟ್ಟ ನೈವೇದ್ಯ ಇದೆ. ಮಾರನೇ ದಿನವೇ ಮುಳ್ಳು ಹೇಳ್ತು. ನಾನು ಕೆಲಸ ಮನೆಗೆ ತಗೊಂಡೋದೆ."

"ನನ್ನ ಕೊಂಡೆ ವಿಷ್ಯಾನೂ ಮುಳ್ಳು ಹೇಳಿತ್ತೇನೋ?"

"ಹೇಳಿತ್ತು."

"ಬಾಯಿ ಬಿಡ್ಲಿಲ್ಲ ನೀನು."

"ನೀನು ಕೇಳ್ಲಿಲ್ಲ."

ಮುರಳೀಧರನ ಮುಖ ಬೀಟ್‌ರೂಟಾಯಿತು. "ಅಂದ್ರೆ ನನ್ನಪ್ಪನ ಗಡಿಯಾರ ಕೆಡೋದನ್ನ ನೋಡ್ಕೊಂಡು ವಾರವೆಲ್ಲ ಕೂತಿದ್ಯಾ? ಇವಳು ಕಳ್ಳಿ, ನೀನು ಕಳ್ಳಿಗೆ ಕಾವಲು. ಮಂಜು ಇಳಿಯೋದ್ರೊಳಗೆ ಅಪ್ಪನ ಗಡಿಯಾರ ಸರಿಯಾಗ್ಬೇಕು. ಮಾಡಿದವ್ರಿಗೆ ಕಿಟಕಿ. ಇಲ್ದಿದ್ರೆ ಇಬ್ರೂ ಎದ್ದು ನಡೀರಿ, ಇಡೀ ಅಂಗಡಿ ಚಾಕೊಲೇಟಿಗೆ."

ಗಡಿಯಾರಕ್ಕೆ ಹತ್ತಿದ ಅಯಸ್ಕಾಂತದ ಸೋಂಕನ್ನು ಬಿಡಿಸಲು ಕರೆಂಟಿನ ನೀಲಿ ಡಬ್ಬಿಯೊಂದು ಬೇಕು. ಅಂಥದ್ದು ಊಟಿಗೆಲ್ಲ ಒಂದೇ, ಅದು ಸತೀಶನ ಡ್ರಾಯರಿನಲ್ಲಿ. ಅವನು ಡ್ರಾಯರಿಗೆ ಬೀಗ ಹಾಕಿ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದ. ರಂಗಿ ಗಡಿಯಾರವನ್ನು ಓನರ ಕೈಯಿಂದ ಕಸಿದು ತನ್ನ ಮುಷ್ಟಿಯಲ್ಲಿ ಹಿಡಿದಳು.

"ಗಡಿಯಾರ ಈ ಕಡೆ ಕೊಡು."

"ಡಬ್ಬಿ ಈ ಕಡೆ ಕೊಡು."

"ಬೇಡ್ಕೋ, ಕೊಡ್ತೀನಿ."

"ನಿನ್ನಣ್ಣನ ಹತ್ರಾನೇ ಏನೂ ಬೇಡ್ಕೊಂಡಿಲ್ಲ ನಾನು. ನೀನ್ಯಾವ ಊರ ದೊರೆ?"

ದೊಡ್ಡಬೆಟ್ಟದ ಕಡೆಯಿಂದ ಮಂಜು ಹೊರಟಿತ್ತು. ಮೊದಲು ಎದುರಿನ ತರಕಾರಿ ಅಂಗಡಿ ಮಾಯವಾಯಿತು, ಆಮೇಲೆ ಬೀದಿ. ಮುಷ್ಟಿಗಳೆರಡೂ ಬಿಗಿಯಾಗಿಯೇ ಇದ್ದವು. ಕಿಟಕಿಯಲ್ಲಿ ಇನ್ನು ಒಂದು ಗೇಣು ಬೆಳಕು.

ಆ ಅಂಗಡಿಯ ಅರ್ಧದಲ್ಲಿ ಈಗ ಚಾಕೊಲೇಟಿನ ವಾಸನೆ ಬರುತ್ತದೆ. ಅದರ ಪಕ್ಕದಲ್ಲೇ, ಕಿಟಕಿಯ ಹತ್ತಿರ, ಬೈಗುಳವೂ ಕೇಳುತ್ತದೆ, ಒಂದೇ ಗಂಟಲಿನದಲ್ಲ. ಹಾಗಾದರೆ ಅವತ್ತು ಯಾರ ಮುಷ್ಟಿ ಮೊದಲು ಬಿಚ್ಚಿತು? ಹೇಳಿ ನೋಡೋಣ. ರಂಗಿ "ಕೊಡಪ್ಪಾ" ಅಂದಳು ಅಂತ ಮಾತ್ರ ಹೇಳಬೇಡಿ. ಹಾಗಂದರೆ ಇಷ್ಟು ಹೊತ್ತು ನೀವು ಕೇಳಿದ್ದೇ ದಂಡ.