ಅರಿಶಿನದ ದಾರ

ಕುಪ್ಪಮ್ಮನ ಗೂಡಿನಲ್ಲಿದ್ದ ಐದು ಹುಂಜಗಳಲ್ಲಿ ನಾಲ್ಕರ ಕಾಲಿಗೆ ಅರಿಶಿನದ ದಾರವಿತ್ತು. ಅವು ಊರದೇವರು ಮುನಿಯಪ್ಪನ ಹರಕೆಯವು. ಮಾರುವಂತಿಲ್ಲ, ಕೊಯ್ದು ತಿನ್ನುವಂತಿಲ್ಲ. ಹೊತ್ತವನು ಗಂಡ ಶಿವರಾಮನ್. ಮೊಬೈಲ್ ಕಳೆದರೆ ಒಂದು ಹುಂಜ, ಹಲ್ಲು ನೊಂದರೆ ಇನ್ನೊಂದು. ತೀರಿಸು ಎಂದರೆ ಮಾತ್ರ, "ಆಡಿ ತಿಂಗ್ಳು ಬರ್ಲಿ, ಜಾತ್ರೇಲಿ ಒಪ್ಪಿಸಾನ" ಎನ್ನುತ್ತಿದ್ದ.

ಮುರಿದ ಮಗ್ಗದ ಮರ ಹೊಂದಿಸಿ ಗೂಡು ಕಟ್ಟಿದವಳು ಅವಳು. ರೇಷನ್ ಅಕ್ಕಿಯ ನುಚ್ಚಿಗೆ ಸಂತೆಯಲ್ಲಿ ಬಿಸಾಕಿದ ಸೊಪ್ಪು ಹೆಚ್ಚಿ ಬೆರೆಸುವವಳೂ ಅವಳೇ. ಈ ದೇವರ ನೆಂಟರು ಮೊಟ್ಟೆಯಿಡುವ ಹೇಟೆಗಳ ಪಾಲನ್ನೂ ಮುಕ್ಕಿ ಕೊಬ್ಬಿದ್ದರು.

ಐದನೆಯದನ್ನಾದರೂ ಮೇಚೇರಿ ಸಂತೆಯಲ್ಲಿ ಮಾರಿ ಹೇಟೆಗಳಿಗೆ ಜೋಳ ತರೋಣವೆಂದು ಅದರ ರೆಕ್ಕೆ ಹಿಡಿದಳು. ಜಗಲಿಯಿಂದ ಶಿವರಾಮನ್ ಕೂಗಿದ: "ಲೇ, ಅದ್ನ ಬುಡು! ಮಂಡಿನೋವು ವಾಸಿಯಾಗ್ಲಿ ಅಂತ ಅದ್ನೇ ಅರಕೆ ಒತ್ಕೊಳಾನ ಅಂತಿದ್ದೆ."

ಕುಪ್ಪಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಹುಂಜವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗುಡಿಯ ದಿಕ್ಕಿಗೆ ತಿರುಗಿದಳು.

"ಮುನಿಯಪ್ಪಾ, ನಿನ್ ದಮ್ಮಯ್ಯ, ಈ ಮನ್ಸನ ಬಾಯಿಗೊಂದು ಬೀಗ ಆಕು! ನಿಂಗೊಂದು ಉಂಜ ಕೊಡ್ತೀನಿ!"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಶಿವರಾಮನ್ ತುಟಿಪಿಟಕ್ಕೆನ್ನಲಿಲ್ಲ. ಎದ್ದು ಒಳಗೆ ಹೋಗಿ, ಅರಿಶಿನದ ದಾರ ತಂದು ಅವಳ ಕೈಗಿಟ್ಟ.